ಸೇತುವೆ ಕೆಳಗಿನ ನೀರು

ವಾರ್ಸಾದ ಉತ್ತರಕ್ಕಿರುವ ಮಸೂರಿಯಾ ಪ್ರಾಂತ್ಯದ ಒಂದು ಸರೋವರದಿಂದ ತೊರೆ ಹೊರಟು ಹಳೆಯ ಸೇತುವೆಯೊಂದರ ಕೆಳಗೆ ಹರಿಯುತ್ತದೆ. ಸರೋವರದ ಸಣ್ಣ ಸಣ್ಣ ಜೀವಿಗಳು ಸೇತುವೆ ತಲುಪುವಷ್ಟರಲ್ಲಿ ಮೀನಿನ ಪಾಲಾಗಿರುತ್ತವೆ. ಉಳಿದವನ್ನು ಎಣಿಸುವುದು ನನ್ನ ಕೆಲಸ. ಜುಲೈನ ಒಂದು ಮಧ್ಯಾಹ್ನ ಸೇತುವೆ ಕೆಳಗೆ ಸಣ್ಣ ಕಣ್ಣಿನ ಬಲೆ ಬಿಟ್ಟೆ.

“ಆ ಜಾಗ ಸರಿ ಇಲ್ಲ, ಅಮ್ಮಾವ್ರೇ,” ಎಂದ ದೋಣಿಯ ಮುದುಕ ಎವಾಲ್ಡ್.

“ನೆಟ್ಟಗೆ ಒಂದು ಮೀನು ಹಿಡಿಯೋಕೆ ನಿನಗೆ ಬರಲ್ಲ, ನನಗೆ ನೀರಿನ ಪಾಠ ಹೇಳ್ತೀಯಾ?” ಎಂದೆ.

“ಎಣಿಸ್ಕೊಳ್ಳಿ ಹಾಗಾದ್ರೆ,” ಎಂದು ಉಗುಳಿ ಹೋದ.

ಬೆರಳೆಣಿಕೆಯಷ್ಟು ಸಿಗಬೇಕಿದ್ದಲ್ಲಿ ಬಲೆ ಆ ಜೀವಿಗಳಿಂದ ತುಂಬಿ ಬಂತು. ಸುಡುಬಿಸಿಲಲ್ಲೂ ನೀರು ಕೊರೆಯುತ್ತಿತ್ತು. ತಟ್ಟೆಗೆ ಹಾಕಿ ಮಸೂರದಲ್ಲಿ ನೋಡಿದರೆ ಎಲ್ಲವೂ ಸರೋವರದ ಕಡೆಗೇ ತಲೆ ಮಾಡಿದ್ದವು. ತಟ್ಟೆ ತಿರುಗಿಸಿದೆ, ಅವು ಮತ್ತೆ ಸರೋವರದತ್ತಲೇ ತಿರುಗಿದವು. ಮುದುಕನ ಮಾತಿಗೆ ಹೆದರುವವಳಲ್ಲ ನಾನು. ಸ್ಪಿರಿಟ್ ಸುರಿದು ಕೊಂದು ಸೀಸೆಗೆ ತುಂಬಿದೆ.

ಒಂಬತ್ತು ವರ್ಷವಾಯಿತು. ಸೀಸೆ ವಾರ್ಸಾದ ನನ್ನ ಕಪಾಟಿನಲ್ಲಿದೆ. ಸಂಜೆ ಹೇಗೇ ತಿರುಗಿಸಿಟ್ಟರೂ ಬೆಳಿಗ್ಗೆ ಅವುಗಳ ತಲೆ, ಸರೋವರವಿರುವ ಉತ್ತರಕ್ಕೇ ಇರುತ್ತದೆ.