ಸೊರಬದ ಮನೆಯ ಬಾಡಿಗೆದಾರ

“ಆರನೇ ಕ್ಲಾಸು ದಾಟದವನು ಮನೆ ನೋಡಿ ಬಂದ. ದಲ್ಲಾಳಿ ಜತೆ ಸೇರಿ ಹೆತ್ತವಳ ಅನ್ನಕ್ಕೇ ಮಣ್ಣು ಹಾಕಿದ.”

ಶಿಕಾರಿಪುರದ ತನ್ನ ಎಣ್ಣೆ ಗಾಣದ ಕಟ್ಟೆಯ ಮೇಲೆ ಕೂತು ಗಂಗಾಧರಪ್ಪ ಹೀಗೆಂದಾಗ ಹತ್ತು ಜನ ನಕ್ಕರು. ಸೋದರಳಿಯ ಬೆನಕಪ್ಪ ಹಲ್ಲು ಕಚ್ಚಿದ.

ನಡೆದದ್ದಿಷ್ಟು. ಬೆನಕಪ್ಪನ ವಿಧವೆ ತಾಯಿ ಅಕ್ಕನಾಗಮ್ಮ ತಾಳಗುಂದದ ಹೊಲವನ್ನು ಅಣ್ಣ ಗಂಗಾಧರಪ್ಪನಿಗೇ ಮಾರಿ, ಅವನ ಮಾತು ನಂಬಿ, ಕಂಡರಿಯದ ಸೊರಬದಲ್ಲಿ ಮನೆ ಕೊಂಡಿದ್ದಳು. ಹೊಸ ಬ್ಲಾಕ್ ಆಫೀಸಿನ ಗುಮಾಸ್ತರು ಮನೆಗೆ ಪರದಾಡುತ್ತಾರೆ, ಕೂತಲ್ಲೇ ಬಾಡಿಗೆ—ಹಾಗೆಂದಿದ್ದ ಅಣ್ಣ. ಕೊಳ್ಳುವ ಮೊದಲು ಬೆನಕಪ್ಪ ಹೋಗಿ ನೋಡಿದಾಗ ಬಾಡಿಗೆದಾರನಿದ್ದ, ಒಲೆ ಉರಿಯುತ್ತಿತ್ತು. ಕ್ರಯಪತ್ರವಾದ ಮರುವಾರ ನೋಡಿದರೆ ಬಾಡಿಗೆದಾರ ಮಾಯ. ಈಗ ತಾಯಿಗೆ ಹೊಲವೂ ಇಲ್ಲ, ಬಾಡಿಗೆಯೂ ಇಲ್ಲ.

ಬೆನಕಪ್ಪ ಸೊರಬದ ಬಸ್ಸು ಹತ್ತಿದ. ದಲ್ಲಾಳಿ ಲೋಕಪ್ಪನ ಕೊರಳಪಟ್ಟಿ ಹಿಡಿದ. ಬಾಗಿಲಿಗೆ ಬೀಗವೇ ಇರಲಿಲ್ಲ, ತಾನು ಯಾರನ್ನೂ ಒಳಗೆ ಬಿಟ್ಟಿಲ್ಲ ಎಂದು ಅವನು ಆಣೆಯಿಟ್ಟ. ನಂಬುವುದು ಹೇಗೆ?

ಕೊಂಡ ಮನೆಯ ಪಕ್ಕದಲ್ಲಿದ್ದ ಹೂವಮ್ಮ ಮಾತ್ರ ನೇರವಾಗಿ ಹೇಳಿದಳು. “ಮಳೆಗಾಲಕ್ಕೆ ಅಲ್ಲಿ ಮೊಣಕಾಲು ನೀರು ನಿಲ್ತದೆ. ಯಾರು ಬರ್ತಾರೆ? ಅವನಿದ್ದದ್ದು ಎರಡೇ ದಿನ.”

ಖಾಲಿ ಮನೆಯೊಳಗೆ ಒಲೆಯ ಮೂಲೆಯಲ್ಲಿ ನಾಲ್ಕು ಕುಳ್ಳು ಉಳಿದಿದ್ದವು. ಒಣಗಿದ ಸಗಣಿಯನ್ನು ಉರಿಸುತ್ತಾರೆಯೇ ಎಂದು ಹೂವಮ್ಮ ಮೂಗು ಮುಚ್ಚಿಕೊಂಡಳು. ಅವರಲ್ಲಿ ಸಗಣಿಯೆಲ್ಲ ಗೊಬ್ಬರಕ್ಕೆ. ಕಾಡಿರುವಾಗ ಸೌದೆಗೇನು ಬರ?

ಬೆನಕಪ್ಪ ಒಂದನ್ನು ಮುರಿದ. ಉಳಿದವನ್ನು ಚೀಲಕ್ಕೆ ತುಂಬಿದ.

ಮರುದಿನ ಅದೇ ಕಟ್ಟೆ. ಅದೇ ಜನ.

“ಮಾವಾ, ನೀವು ಸೊರಬಕ್ಕೆ ಹೋಗಿದ್ರೇನು?”

“ಆ ದಿಕ್ಕಿಗೇ ತಲೆ ಹಾಕಿಲ್ಲ. ಯಾಕೆ?”

ಬೆನಕಪ್ಪ ಚೀಲ ಸುರಿದ.

“ನಿಮ್ಮ ಬಾಡಿಗೆದಾರ ಉರಿಸಿದ್ದು ಇದನ್ನ. ಲೋಕಪ್ಪ ನಾಟಕ ಹೂಡಿದ್ರೆ ಸೌದೆ ಒಟ್ಟಿರ್ತಿದ್ದ. ಸೊರಬದಾಗೆ ಯಾರೂ ಕುಳ್ಳು ಉರಿಸಲ್ಲ. ನಮ್ಮ ಮನೆ ಒಲ್ಯಾಗೂ ಕುಳ್ಳೇ ಉರಿಯೋದು—ಅದಕ್ಕೇ ಅವತ್ತು ನನ್ನ ಕಣ್ಣಿಗೆ ಬೀಳಲಿಲ್ಲ. ಮುರಿದು ನೋಡ್ರಿ. ಒಳಗೆ ಶೇಂಗಾ ಸಿಪ್ಪೆ. ಈ ಊರಾಗೆ ಶೇಂಗಾ ಸಿಪ್ಪೆ ಬೆರೆಸಿ ಕುಳ್ಳು ತಟ್ಟೋ ಹಿತ್ತಲು ಯಾವುದು?”

ಎಲ್ಲರೂ ಗಾಣದ ಹಿಂದಿನ ಗೋಡೆ ನೋಡಿದರು. ಗೋಡೆ ತುಂಬ ಕುಳ್ಳು. ಯಾರೂ ನಗಲಿಲ್ಲ.

“ತಾಳಗುಂದದಾಗೆ ನಿಮ್ಮ ಹೊಲಕ್ಕೆ ಒತ್ತಿಕೊಂಡಿದ್ದು ನಮ್ಮವ್ವನ ಹೊಲ. ಅದು ಬೇಕಿತ್ತು. ಆಳು ಕಳಿಸಿ ಖಾಲಿ ಮನೇಲಿ ಒಲೆ ಹಚ್ಚಿಸಿದ್ರಿ. ಬೈಗುಳ ಮಾತ್ರ ನನಗೆ.”

ಗಂಗಾಧರಪ್ಪ ಕಟ್ಟೆಯಿಂದ ಇಳಿದ. ದನಿ ಸಣ್ಣದಾಗಿತ್ತು, ಆದರೂ ಹತ್ತು ಜನಕ್ಕೂ ಕೇಳಿಸಿತು.

“ಹೊಲ ನಾಳೇನೇ ತಿರುಗಿ ಬರೆದುಕೊಡ್ತೀನಿ. ನನ್ನ ತಂಗಿಗೆ ಮಾತ್ರ ಹೇಳಬ್ಯಾಡ. ಹೇಳ್ತೀಯೇನೋ, ಬೆನಕಾ?”

ಬೆನಕಪ್ಪ ಖಾಲಿ ಚೀಲ ಹೆಗಲಿಗೆ ಹಾಕಿದ. ತಾಯಿಯಿದ್ದ ಮನೆಯ ಕಡೆ ನಡೆದ.