ಆ ಕುರ್ಚಿಯಲ್ಲಿ ಕೂತಿದ್ದವನು

“ನಮ್ಮಪ್ಪ ಹೋದ ದಿನ ನಂಗೆ ಅಳುನೇ ಬರ್ಲಿಲ್ಲ. ಸದ್ಯ, ಮುಗೀತಲ್ಲ ಅನ್ನಿಸ್ತು...”

ಆಪ್ತಸಮಾಲೋಚಕಿಯ ಕೋಣೆಯೊಳಗೆ ಬಂದವಳೇ ತಲೆ ಎತ್ತದೆ ಹೇಳಿಬಿಟ್ಟಳು. ಮೂರು ದಿನದಿಂದ ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಮಾತು. ಮುಖ ನೋಡಿದರೆ ಎಲ್ಲಿ ಗಂಟಲಲ್ಲೇ ಉಳಿದುಬಿಡುತ್ತದೋ ಎಂಬ ಭಯ!

“ಆರು ವರ್ಷ ನಾನೇ ಎತ್ತಿ, ತೊಳೆದು, ಉಣಿಸಿ ನೋಡ್ಕೊಂಡೆ. ಅಕ್ಕ ಎಲ್ಲರ ಹತ್ರ ನನ್ನ ಹೊಗಳ್ತಾಳೆ. ಅವಳಿಗೆ ಇದು ಗೊತ್ತಾದ್ರೆ... ನಾನೆಂಥ ಮಗಳು ಹೇಳಿ ಡಾಕ್ಟ್ರೇ?”

ತಲೆ ಎತ್ತಿದಳು. ಕುರ್ಚಿಯಲ್ಲಿದ್ದವನ ಕಿವಿಯ ಮೇಲೆ ಪೆನ್ಸಿಲ್, ತೊಡೆಯ ಮೇಲೆ ಸುತ್ತಿಗೆ!

“ಮೇಡಂ... ನಾನು ಬಡಗಿ. ಈ ಕುರ್ಚಿ ಕಾಲು ಅಲ್ಲಾಡ್ತಿತ್ತು. ಸರಿಯಾಯ್ತಾ ಅಂತ ಕೂತು ನೋಡ್ತಿದ್ದೆ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ.

“ಮೊದಲೇ ಹೇಳೋಕೇನಾಗಿತ್ತು ನಿಮಗೆ?”

“ಹೇಳೋಣ ಅಂದ್ಕೊಂಡೆ... ಆಗ್ಲಿಲ್ಲ.” ಚೀಲ ಎತ್ತಿಕೊಂಡು ಹೊರಟೇಹೋದ.

ಆಪ್ತಸಮಾಲೋಚಕಿ ಬರುವಷ್ಟರಲ್ಲಿ ಅವಳೂ ಹೊರಟು ನಿಂತಿದ್ದಳು.

“ಇನ್ನೊಂದ್ಸಲ ಹೇಳೋ ತ್ರಾಣ ಇಲ್ಲ ನಂಗೆ.”

ಫೋನಿನಲ್ಲಿ ದೂರು ಕೇಳುವ ಕೆಲಸ ಅವಳದು. ಬೆಳಗಿನಿಂದ ಸಂಜೆಯವರೆಗೆ ಕಂಡಕಂಡವರ ಬೈಗುಳಕ್ಕೆ ‘ಕ್ಷಮಿಸಿ ಸಾರ್’ ಎಂದು ಹೇಳಿ ಹೇಳಿ ಜೀವ ಹಿಂಡಿಹೋಗಿತ್ತು.

“ಹೇಳ್ಬೇಡಿ,” ಎಂದರು ಆಕೆ. “ಮೊದಲ ದಿನಾನೇ ಎಲ್ಲಾ ಹೇಳ್ಬೇಕು ಅಂತ ಯಾರಂದ್ರು? ವಾರಕ್ಕೊಂದ್ಸಲ, ಮುಕ್ಕಾಲು ಗಂಟೆ. ಸುಮ್ನೆ ಕೂತ್ರೂ ಸರಿ. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ. ಜೀವಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ಮನೆಯವರಿಗೆ ತಿಳಿಸ್ಬೇಕಾಗುತ್ತೆ. ನಾನು ನಿಮಗೆ ಸರಿಹೋಗ್ಲಿಲ್ಲ ಅಂದ್ರೆ ಬೇರೆಯವರ ಹತ್ರ ಹೋಗಿ, ನಂಗೇನೂ ಬೇಜಾರಿಲ್ಲ.”

ಅವಳು ಮುಕ್ಕಾಲು ಗಂಟೆ ಸುಮ್ಮನೆ ಕೂತಳು. ಯಾರೂ ಏನೂ ಕೇಳಲಿಲ್ಲ. ಅದೇ ದೊಡ್ಡ ಉಪಕಾರವೆನಿಸಿತು.

ಮುಂದಿನ ಬುಧವಾರ ಬಂದರೆ ಅವನೂ ಇದ್ದ! ಪಕ್ಕದ ಕೋಣೆಗೆ ಕಪಾಟು ಮಾಡುತ್ತಿದ್ದ. ಅವಳನ್ನು ಕಂಡದ್ದೇ ತಡ, ಉಳಿ ಕೆಳಗಿಟ್ಟು ಬೀದಿಗೆ ನಡೆದ. ಮರುವಾರವೂ ಅದೇ ಕತೆ.

‘ನನ್ನ ಮುಖ ನೋಡೋಕೂ ಅಸಹ್ಯ ಅವನಿಗೆ... ಯಾಕಿರಲ್ಲ? ಹೆತ್ತ ಅಪ್ಪ ಸತ್ತರೆ ಸದ್ಯ ಅಂದವಳು!’

ಯಾರೋ ಬಡಗಿ ಏನಂದುಕೊಂಡರೆ ತನಗೇನು? ಆದರೂ ನೋವಾಗುತ್ತಿತ್ತು. ಅವಳ ಒಳಗನ್ನು ಬಲ್ಲವನು ಲೋಕದಲ್ಲಿ ಅವನೊಬ್ಬನೇ ಅಲ್ಲವೇ...

ನಾಲ್ಕನೇ ವಾರ ಸಮಾಲೋಚಕಿಯ ಮುಂದೆ ಅದನ್ನೇ ಹೇಳಿಕೊಂಡಳು.

“ಅವರನ್ನೇ ಕೇಳಿದ್ರಾ?”

“ಇಲ್ಲ.”

“ಮತ್ತೆ ಉತ್ತರ ಎಲ್ಲಿಂದ ಬಂತು?”

ಹೊರಗೆ ಬಂದಾಗ ಅವನು ಬೀದಿಯ ಮೆಟ್ಟಿಲ ಮೇಲೆ ಕೂತಿದ್ದ.

“ನನ್ನ ಕಂಡ್ರೆ ಯಾಕೆ ಎದ್ದು ಹೋಗ್ತೀರಾ? ಅಷ್ಟು ಕೆಟ್ಟವಳಾ ನಾನು?”

“ಅಯ್ಯೋ! ಆ ಎರಡು ಕೋಣೆ ನಡುವಿನ ಗೋಡೆ ಬರೀ ಹಲಗೆ ಮೇಡಂ. ಒಳಗಿನ ಮಾತೆಲ್ಲ ಕೇಳುತ್ತೆ. ಒಂದ್ಸಲ ಕೇಳಿದ್ದೇ ತಪ್ಪಾಯ್ತು...”

“ಅವತ್ತು ಯಾಕೆ ತಡೀಲಿಲ್ಲ?”

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗಿಟ್ಟ.

“ತಡೆಯೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನೀವು ಸದ್ಯ ಮುಗೀತು ಅಂದ್ರಿ. ಅಮ್ಮ ಹೋದಾಗ ನಂಗೂ ಅದೇ ಅನ್ನಿಸಿತ್ತು... ಲೋಕದಲ್ಲಿ ನಾನೊಬ್ನೇ ಅಂಥವನು ಅಂದ್ಕೊಂಡಿದ್ದೆ.”

ಅವಳು ಅವನ ಪಕ್ಕದಲ್ಲೇ ಕೂತಳು. ಅಪ್ಪ ಹೋಗಿ ಆರು ತಿಂಗಳಾದರೂ ಬಾರದಿದ್ದ ಅಳು ಈಗ ಬಂತು. ಅಪ್ಪ ನೆನಪಾದ, ತುಂಬಾ ನೆನಪಾದ. ಅಳಬೇಡಿ ಎಂದು ಅವನು ಹೇಳಲಿಲ್ಲ.

“ಕಪಾಟು ನಾಳೆ ಮುಗಿಯುತ್ತೆ,” ಎಂದ ಕೊನೆಗೆ. “ನಿಜ ಹೇಳ್ಬೇಕಂದ್ರೆ ಹೋದ ವಾರಾನೇ ಮುಗೀಬೇಕಿತ್ತು. ಬುಧವಾರ ನಿಮ್ಮನ್ನ ನೋಡ್ಬಹುದಲ್ಲ ಅಂತ ಎಳೀತಾ ಇದ್ದೆ.”

“ನೋಡಿದ ತಕ್ಷಣ ಓಡಿಹೋಗೋಕಾ?” ಅಳುವಿನ ನಡುವೆಯೇ ಅವಳಿಗೆ ನಗು ಬಂತು.

“ಅಷ್ಟು ನೋಡಿದ್ರೂ ಸಾಕಿತ್ತು... ಬೇರೆ ದಿನ ಸಿಗ್ತೀರಾ?”

“ಸಿಗ್ತೀನಿ. ಆದ್ರೆ ಮಾತಾಡಿ ಮಾತಾಡಿ ಸಾಕಾಗಿದೆ ನಂಗೆ.”

“ಮಾತು ಬೇಡ. ಪಾರ್ಕಲ್ಲಿ ಸುಮ್ನೆ ಕೂರೋಣ.”

“ನಿದ್ದೆ ಬಂದ್ಬಿಟ್ರೆ?”

“ಎಬ್ಬಿಸಲ್ಲ.”