ಜನವಸತಿಯಿಲ್ಲದ ಬಯಲು

ಬೆಳಗ್ಗೆ ಎಂಟೂಕಾಲಿಗೆ ಟೌನ್‌ಹಾಲ್ ಸಮಿತಿಯ ಅಧ್ಯಕ್ಷರು ಠಾಣೆಗೆ ನುಗ್ಗಿ, ಕೂರಿ ಅನ್ನುವ ಮೊದಲೇ ಕುಳಿತರು. ಟೌನ್‌ಹಾಲಿನಲ್ಲಿ ಭಾನುವಾರ ಅನಾವರಣವಾಗಬೇಕಿದ್ದ ಅಮೃತಶಿಲೆಯ ಫಲಕವನ್ನು ಯಾರೋ ರಾತ್ರಿ ಸುತ್ತಿಗೆಯಿಂದ ಒಡೆದಿದ್ದರು. ಬಿಳಿಯರ ಕಾಲದ ಆ ಕಟ್ಟಡದ ಚರಿತ್ರೆಯನ್ನು ಅದರ ಮೇಲೆ ಕೆತ್ತಿಸಿದವರು ಅಧ್ಯಕ್ಷರೇ.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್‌ಸ್ಪೆಕ್ಟರ್ ಕೇಳಿದರು.

"ಅನುಮಾನ ಏನು ಬಂತು? ಆ ಮೇಷ್ಟ್ರೇ. ಬಿಳಿಯರ ಕಟ್ಟಡ ಕೆಡವಿ ಅಂತ ತಿಂಗಳಿಂದ ಬಾಗಿಲ ಮುಂದೆ ಕೂತು ಕಿರುಚ್ತಿದಾನೆ. ಒಳಗೆ ಹಾಕಿ. ನಿಮ್ಮ ಸಾಹೇಬರಿಗೂ ಫೋನ್ ಮಾಡಿದೀನಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪೈಕಿಯವರಲ್ಲ ಇನ್‌ಸ್ಪೆಕ್ಟರ್. ಅದರಲ್ಲೂ ಸಾಹೇಬರ ಹೆಸರು ಹೇಳಿ ಹೆದರಿಸುವವರನ್ನು ಕಂಡರೆ ಅವರ ಮೈಯೆಲ್ಲ ಉರಿಯುತ್ತಿತ್ತು. ಎಫ್‌ಐಆರ್ ದಾಖಲಿಸಲು ರೈಟರಿಗೆ ಹೇಳಿ ಜೀಪು ಹತ್ತಿದರು.

ಹತ್ತು ಗಂಟೆಗೆ ಪಂಚನಾಮೆ ಶುರುವಾಯಿತು. ಫಲಕ ಇದ್ದದ್ದು ವೇದಿಕೆಯ ಎಡಗೋಡೆಯಲ್ಲಿ. ಬಲಗಡೆಯ ಸಣ್ಣ ಬಾಗಿಲಿನ ಚಿಲಕ ಮುರಿದು ಎಷ್ಟೋ ಕಾಲವಾಗಿತ್ತು, ಅದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಫಲಕದಲ್ಲಿ ಕಟ್ಟಡ ಕಟ್ಟಿಸಿದ ಬಿಳಿ ಅಧಿಕಾರಿಯ ಹೆಸರಿಗೆ ಗೀರೂ ಬಿದ್ದಿರಲಿಲ್ಲ. ಮೊದಲ ಸಾಲು ಮಾತ್ರ ನುಚ್ಚುನೂರಾಗಿತ್ತು.

"ಇಲ್ಲೇನಿತ್ತು?"

"'ಜನವಸತಿಯಿಲ್ಲದ ಬಯಲಿನಲ್ಲಿ ಈ ಭವ್ಯ ಭವನ ತಲೆಯೆತ್ತಿತು.' ನಾನೇ ಬರೆದಿದ್ದು," ಎಂದರು ಅಧ್ಯಕ್ಷರು.

ಕಲ್ಲಿನ ಪುಡಿ ಮೆತ್ತಿದ ಬರಿಗಾಲಿನ ಗುರುತುಗಳು ಮರದ ನೆಲದ ಮೇಲೆ ಸಣ್ಣ ಬಾಗಿಲಿನತ್ತ ನೇರವಾಗಿ ಸಾಗಿದ್ದವು. ವೇದಿಕೆಯ ಬಲಗಡೆ, ಕುರ್ಚಿ ಕಂಬ ಏನೂ ಇಲ್ಲದ ಜಾಗದಲ್ಲಿ ಮಾತ್ರ, ಏನನ್ನೋ ಬಳಸಿ ಹೋದಂತೆ ಸುತ್ತು ಹಾಕಿ ಮತ್ತೆ ನೇರವಾಗಿದ್ದವು.

"ಕುಡಿದಿದ್ದ ಅನ್ಸುತ್ತೆ ಸಾರ್," ಎಂದ ಪೇದೆ.

"ಕುಡಿದವನು ಒಂದೇ ಸಲ ವಾಲ್ತಾನೇನೋ?"

ಮಧ್ಯಾಹ್ನ ಮೇಷ್ಟ್ರನ್ನು ಕರೆಸಿದರು.

"ನಿನ್ನೆ ರಾತ್ರಿ ಎಲ್ಲಿದ್ರಿ?"

"ಮನೇಲಿ, ಹೆಂಡ್ತಿ ಜೊತೆ ಜಗಳ. ಪಕ್ಕದ ಮನೆಯವರನ್ನ ಕೇಳಿ, ಪಾಪ, ಅವರೂ ನಿದ್ದೆ ಮಾಡಿಲ್ಲ."

"ಫಲಕ ಒಡೆದೋರು ಯಾರು?"

"ನಾನಾಗಿದ್ರೆ ಬಿಳಿಯನ ಹೆಸರು ಬಿಡ್ತಿದ್ನಾ?"

ಇನ್‌ಸ್ಪೆಕ್ಟರಿಗೆ ಮನುಷ್ಯ ಹಿಡಿಸಲಿಲ್ಲ, ಆದರೆ ಮಾತು ಸರಿಯಿತ್ತು. ಪಕ್ಕದ ಮನೆಯವರು ಜಗಳವನ್ನು ಪಾಠ ಒಪ್ಪಿಸುವಂತೆ ಒಪ್ಪಿಸಿದ ಮೇಲೆ ಬಿಟ್ಟು ಕಳಿಸಿದರು.

ಮರುದಿನ ನೆಲ ಒರೆಸಲು ಅನುಮತಿ ಕೊಟ್ಟು, ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತರು. ಒರೆಸುವವಳು ಟೌನ್‌ಹಾಲಿನ ಹಿಂದಿನ ಒಂಟಿಕೋಣೆಯಲ್ಲಿ ಮಕ್ಕಳೊಂದಿಗೆ ಇದ್ದ ಹೆಂಗಸು. ಅವಳ ಅಜ್ಜಿ, ಅಮ್ಮ ಎಲ್ಲರೂ ಇದೇ ನೆಲ ಒರೆಸಿದವರು. ವೇದಿಕೆಯ ಬಲಗಡೆ ಬಂದಾಗ ಅವಳು ನಿಂತಳು. ಮಂಡಿಯೂರಿ, ದೂರದಿಂದಲೇ ಕೈಚಾಚಿ ಆ ಜಾಗ ಒರೆಸಿ, ಸುತ್ತು ಹಾಕಿ ಮುಂದೆ ಹೋದಳು.

ಇನ್‌ಸ್ಪೆಕ್ಟರಿಗೆ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ಅಲ್ಲಿ ಯಾಕಮ್ಮ ಕಾಲಿಡಲ್ಲ?"

ಅವಳು ಬಟ್ಟೆ ಹಿಂಡಿದಳು. "ಒಲೆ ಮೇಲೆ ಯಾರಾದ್ರೂ ಕಾಲಿಡ್ತಾರಾ ಸಾರ್?"

"ಯಾರ ಒಲೆ?"

"ಮುತ್ತಜ್ಜಿದು. ಇಲ್ಲೆಲ್ಲ ನಮ್ಮೋರ ಮನೆಗಳಿದ್ವು. ಈ ಕಟ್ಟಡಕ್ಕೆ ಅಂತ, ಅನ್ನ ಬೇಯ್ತಿದ್ದಾಗ್ಲೇ ಜನರನ್ನ ಹೊರಗೆಳೆದು ಮನೆ ಕೆಡವಿದ್ರಂತೆ. ಅಜ್ಜಿ ಅಮ್ಮನಿಗೆ ಜಾಗ ತೋರಿಸಿದ್ಲು, ಅಮ್ಮ ನನಗೆ." ಮೂಲೆಯ ಚೀಲದಿಂದ ಸುತ್ತಿಗೆ ತೆಗೆದು ತಾನೇ ಕೊಟ್ಟಳು.

"ಇಷ್ಟು ವರ್ಷ ಸುಮ್ಮನಿದ್ದು, ಈಗ್ಯಾಕೆ?"

"ನಮ್ಮ ವಿಷಯ ಯಾರೂ ಎತ್ತಲಿಲ್ಲ, ನಾವೂ ಎತ್ತದೆ ನೆಲ ಒರೆಸ್ಕೊಂಡಿದ್ವಿ. ಇರಲೇ ಇಲ್ಲ ಅಂತ ಕಲ್ಲಲ್ಲಿ ಬರೆಸಿದ್ರೆ ಹೇಗೆ ಸಾರ್ ತಡ್ಕೊಳ್ಳೋದು?"

ಹನ್ನೊಂದೂವರೆಗೆ ಮಹಿಳಾ ಪೇದೆ ಅವಳನ್ನು ಬಂಧಿಸಿದಳು. ಅಷ್ಟರಲ್ಲಿ ಅಧ್ಯಕ್ಷರು ಬೂಟುಗಾಲಲ್ಲಿ ಸರಸರನೆ ಬಂದು, ಸರಿಯಾಗಿ ಆ ಜಾಗದ ಮೇಲೇ ನಿಂತರು. "ಉಂಡ ಮನೆಗೆ ಎರಡು ಬಗೆದಳು. ಇವತ್ತೇ ಕೋಣೆ ಖಾಲಿ ಮಾಡಿಸ್ತೀನಿ."

"ಅಲ್ಲಿಂದ ಆಚೆ ನಿಂತು ಮಾತಾಡಿ," ಎಂದರು ಇನ್‌ಸ್ಪೆಕ್ಟರ್.

"ಯಾಕ್ರೀ?"

"ಹೇಳಿದ್ದು ಕೇಳಿಸ್ತಲ್ಲ."

ಠಾಣೆಯಲ್ಲಿ ರೈಟರ್ ಅವಳ ಹೆಸರು, ವಯಸ್ಸು ಬರೆದುಕೊಂಡ. "ಖಾಯಂ ವಿಳಾಸ?"

"ಟೌನ್‌ಹಾಲ್. ವೇದಿಕೆಯ ಬಲಗಡೆ."

ರೈಟರ್ ಪೆನ್ನು ಎತ್ತಿ ಇನ್‌ಸ್ಪೆಕ್ಟರರ ಮುಖ ನೋಡಿದ.

"ಹೇಳಿದ ಹಾಗೇ ಬರಿ," ಎಂದರು ಅವರು. "ಕೋರ್ಟಲ್ಲಿ ಗಟ್ಟಿಯಾಗಿ ಓದ್ತಾರೆ."